ಗಾಳಿಗುಳ್ಳೆಯ ಉಪಕಾರ

ಉಬ್ಬಸ ಹೆಚ್ಚಾಗಿ ಆಸ್ಪತ್ರೆ ಸೇರಿದ್ದ ದ್ಯಾವಮ್ಮನ ಮುಂಗೈಯಿಂದ ಸಿರಿಂಜಿಗೆ ಬಂದ ರಕ್ತಕ್ಕೆ ಇದ್ದದ್ದು ಒಂದೇ ಕೆಲಸ. ಪರೀಕ್ಷೆಯ ಯಂತ್ರದ ಮುಂದೆ ನಿಂತು, "ನಮ್ಮಮ್ಮನಿಗೆ ಪ್ರಾಣವಾಯು ಸಾಲುತ್ತಿಲ್ಲ, ಕೆಟ್ಟ ಗಾಳಿ ತುಂಬಿ ನಾನು ಹುಳಿಯಾಗಿದ್ದೇನೆ" ಎಂದು ಇದ್ದದ್ದನ್ನು ಇದ್ದ ಹಾಗೆ ಹೇಳಬೇಕಿತ್ತು. ಆದರೆ ಅವಸರದಲ್ಲಿ ಯಾರೂ ಹೊರಹಾಕದ ಗಾಳಿಗುಳ್ಳೆಯೊಂದು ಸಿರಿಂಜಿನೊಳಗೇ ಕೂತಿತ್ತು.

"ಛೆ, ಈ ಕಪ್ಪಿಟ್ಟ ಮೋರೆ ಹೊತ್ತು ದೊಡ್ಡವರ ಮುಂದೆ ಹೋಗ್ತೀಯಾ? ನಿನ್ನ ಕೆಟ್ಟ ಗಾಳಿ ನನಗೆ ಕೊಡು. ನನ್ನ ಪ್ರಾಣವಾಯು ಹಚ್ಚಿಕೋ," ಎಂದಿತು ಗುಳ್ಳೆ.

ರಕ್ತ ಹಚ್ಚಿಕೊಂಡು ಕೆಂಪಗೆ ಹೊಳೆಯಿತು. ಗರ್ಭಗುಡಿಯ ದೇವರ ಹಾಗೆ ಕೂತಿದ್ದ ಯಂತ್ರ ಅದನ್ನು ನುಂಗಿ, ಪ್ರಸಾದದಂತೆ ಚೀಟಿ ಉದುರಿಸಿತು. ಡಾಕ್ಟರು ಅದನ್ನು ಕಣ್ಣಿಗೊತ್ತಿಕೊಳ್ಳುವುದೊಂದು ಬಾಕಿ. "ಎಲ್ಲ ಸರಿಯಿದೆ. ಅಜ್ಜಿಯ ಆಕ್ಸಿಜನ್ ಮಾಸ್ಕ್ ತೆಗೆಯಿರಿ," ಎಂದರು.

ರಕ್ತ ಯಂತ್ರಕ್ಕೆ ಮೊರೆಯಿಟ್ಟಿತು. "ಸ್ವಾಮೀ, ಅದು ಎರವಲು ಬಣ್ಣ! ಅಮ್ಮ ಸಾಯ್ತಾಳೆ!"

"ಬಂದವರು ತೋರಿಸಿದ್ದನ್ನು ಅಚ್ಚು ಹಾಕುವವನು ನಾನು. ಎರಡನೇ ಸಲ ಕೇಳುವ ಪದ್ಧತಿ ನಮ್ಮಲ್ಲಿಲ್ಲ," ಎಂದಿತು ಯಂತ್ರ.

ಪುಣ್ಯಕ್ಕೆ ನರ್ಸ್ ಫಿಲೋಮಿನಾ ಮಾಸ್ಕಿಗೆ ಕೈ ಹಾಕುವ ಮೊದಲು ಮುಖ ನೋಡಿದಳು. "ಚೀಟಿ ಆರೋಗ್ಯವಾಗಿದೆ ಡಾಕ್ಟ್ರೇ. ಅಜ್ಜಿಯ ತುಟಿ ಮಾತ್ರ ನೇರಳೆಹಣ್ಣಾಗಿದೆ," ಎಂದು ಮತ್ತೆ ರಕ್ತ ತೆಗೆದಳು. ಸಿರಿಂಜನ್ನು ನೆಟ್ಟಗೆ ಹಿಡಿದು ತಟ್ಟಿ, ಮೇಲೆದ್ದ ಹೊಸ ಗುಳ್ಳೆಯನ್ನು ಹೊರದಬ್ಬಿದಳು.

"ಒಳ್ಳೇದು ಮಾಡೋಕೆ ಬಂದಿದ್ದೆ!" ಎಂದು ಗೊಣಗುತ್ತಾ ಅದು ಒಡೆಯಿತು.

ಈ ಸಲದ ರಕ್ತ ಕಪ್ಪಿಟ್ಟ ಮೋರೆಯಲ್ಲೇ ಯಂತ್ರದೊಳಗೆ ಹೋಯಿತು. ಮೊದಲನೆಯದು ತಲೆ ತಗ್ಗಿಸಿ ದಾರಿ ಬಿಟ್ಟಿತು. ಹೊಸ ಚೀಟಿ ಓದಿದ ಡಾಕ್ಟರ ಮೋರೆಯೂ ಕಪ್ಪಿಟ್ಟಿತು. ದ್ಯಾವಮ್ಮನ ಮಾಸ್ಕ್ ಮುಖದ ಮೇಲೇ ಉಳಿಯಿತು.