ಕಲ್ಲಿನ ಮೇಲಿಟ್ಟ ಕೋವಿ

"ಆಸರೆ ಸಾಲದು ಅಂತ ಮಾತ್ರ ಅನ್ಬೇಡಿ ಗುರುಗಳೇ. ಸಿಮೆಂಟ್ ಕಟ್ಟೆ ಕಟ್ಸಿದೀನಿ. ಆನೆ ಬಂದು ಬೆನ್ನುಜ್ಜಿದ್ರೂ ಅಲ್ಲಾಡಲ್ಲ. ಅದರ ಮೇಲಿಟ್ಟು ಹೊಡೆದ್ರೂ ಗುಂಡು ನಾಲ್ಕು ಬೆರಳು ಮೇಲೆ ಹೋಗುತ್ತೆ ಅಂದ್ರೆ ಕೋವಿ ಸೊಟ್ಟ ಅಂತ ತಾನೇ ಅರ್ಥ?"

ಹೀಗೆ ಕೇಳಿದವನು ಹಾರ್ಡ್‌ವೇರ್ ಅಂಗಡಿ ತಿಮ್ಮರಾಯಪ್ಪ. ಅವನಿಗೆ ನಲವತ್ತೈದು ದಾಟಿದ ಮೇಲೆ ಗುರಿ ಹೊಡೆಯೋ ಹುಚ್ಚು ಹತ್ತಿತ್ತು. ಊರಾಚೆಯ ಹಳೇ ಕಲ್ಲುಕ್ವಾರಿಯಲ್ಲಿ ರೈಫಲ್ ಕಲಿಸುವ ನಿವೃತ್ತ ಸುಬೇದಾರ್ ಪೆಮ್ಮಯ್ಯನವರೇ ಅವನ ಗುರು. ಪಾಯಿಂಟ್ ಟೂಟೂ ಅನ್ನೋ ಸಣ್ಣ ರೈಫಲನ್ನು ಅವನಿಗೆ ಮಾರಿದವನು ಭಾಮೈದ ಚೆಲುವರಾಜು. ಕೊಟ್ಟವನ ತೋಟದಲ್ಲಿ ಅದು ನೆಟ್ಟಗೆ ಹೊಡೆದಿತ್ತು. ಕೊಂಡವನ ಹಿತ್ತಲಿಗೆ ಬಂದಿದ್ದೇ ತಡ, ಕೆಟ್ಟಿತು. ಫೋನಲ್ಲಿ ಚೆಲುವರಾಜುವಿಗೆ "ಮೋಸಗಾರ" ಅಂದಾಗಿತ್ತು. ಮಾರನೇ ದಿನ ಅವನ ಮನೆಯ ಗೃಹಪ್ರವೇಶ. ನಾನೂ ಹೋಗಲ್ಲ, ನೀನೂ ಹೋಗಕೂಡದು ಅಂತ ಹೆಂಡತಿ ಪುಟ್ಟಗೌರಿಗೆ ಹೇಳಿಯೂ ಆಗಿತ್ತು. ಅವಳಿಗಿರೋದು ಒಬ್ಬನೇ ತಮ್ಮ. ಗುರುಗಳೂ ಒಂದು ಮಾತು ಕೋವಿ ಸೊಟ್ಟ ಅಂದುಬಿಟ್ಟರೆ, ಆ ಸಂಬಂಧಕ್ಕೆ ಅಲ್ಲಿಗೆ ಬಾಗಿಲು ಮುಚ್ಚಿದ ಹಾಗೆ.

"ಚೆಲುವರಾಜು ತೋಟದಲ್ಲಿ ಯಾವುದರ ಮೇಲಿಟ್ಟು ಹೊಡೆದೆ?" ಅಂತ ಸುಬೇದಾರ್ರು ಕೇಳಿದರು.

"ಮರಳು ಚೀಲ. ಮೆತ್ತಗಿತ್ತು. ಅದಕ್ಕೇ ನಾನು ಗಟ್ಟಿ ಕಟ್ಟೆ ಕಟ್ಸಿದ್ದು."

ಸುಬೇದಾರ್ರು ನಗಲಿಲ್ಲ. ಒಂದು ಕತೆ ಹೇಳಿದರು.

ಒಬ್ಬ ರೈತ ಇದ್ದ. ಕೋವಿ ಮಾಡುವ ಒಬ್ಬ ಕಮ್ಮಾರನೂ ಇದ್ದ. ರೈತ ಕಮ್ಮಾರನ ಹತ್ತಿರ ಒಂದು ಸಣ್ಣ ಕೋವಿ ಕೊಂಡ. ಕಮ್ಮಾರನ ಅಂಗಳದಲ್ಲಿ ಹೊಟ್ಟಿನ ಚೀಲದ ಮೇಲಿಟ್ಟು ಹೊಡೆದರೆ, ಗುಂಡು ಮಡಕೆಯ ಹೊಟ್ಟೆಗೇ ಹೋಯಿತು. ರೈತ ಹಿಗ್ಗಿಕೊಂಡು ಮನೆಗೆ ಬಂದ. ಇಂಥ ಕೋವಿಗೆ ಹೊಟ್ಟಿನ ಚೀಲವೇ? ಮರ್ಯಾದೆಯ ಆಸರೆ ಬೇಕು ಅನ್ನಿಸಿತು. ಅಡುಗೆಮನೆಯ ರುಬ್ಬುವ ಕಲ್ಲನ್ನು ಆಳುಗಳ ಕೈಲಿ ಹೊರಿಸಿ ಅಂಗಳಕ್ಕೆ ತಂದ. ಪಕ್ಕದವನ ಪಾಳು ಕೊಟ್ಟಿಗೆಯ ಸೂರಿಗೆ ಮಡಕೆ ಕಟ್ಟಿದ. ಕೋವಿಯ ನಳಿಗೆಯನ್ನು ಕಲ್ಲಿನ ಮೇಲಿಟ್ಟು ಹೊಡೆದ. ಮಡಕೆ ಹಾಗೇ ಇತ್ತು. ಮೇಲಿನ ಹೆಂಚು ಉದುರಿತು.

ಆಸರೆ ಇನ್ನೂ ಬಿಗಿಯಾಗಬೇಕು ಅಂತ ನಳಿಗೆಯನ್ನು ಕಲ್ಲಿಗೆ ಹಗ್ಗದಲ್ಲಿ ಕಟ್ಟಿ ಹೊಡೆದ. ಅದರ ಮೇಲಿನ ಹೆಂಚೂ ಉದುರಿತು. ಬಿಗಿ ಹೆಚ್ಚಿದಷ್ಟೂ ಹೆಂಚು ಕಮ್ಮಿಯಾಯಿತು. ಪಕ್ಕದವನು ಒಂದು ಬುಟ್ಟಿ ತಂದು ಚೂರುಗಳನ್ನು ಆರಿಸಿಕೊಳ್ಳತೊಡಗಿದ. ಬೈಯಲಿಲ್ಲ. ಅವನಿಗೂ ಇದು ಎಲ್ಲಿ ನಿಲ್ಲುತ್ತೆ ಅಂತ ನೋಡುವ ಆಸೆ.

ರೈತ ಊರವರನ್ನು ಸೇರಿಸಿ ಕಮ್ಮಾರನನ್ನು ಕರೆಸಿದ. "ಇದು ಸೊಟ್ಟ ಕೋವಿ. ನೀನೇ ಹೊಡೆದು ತೋರಿಸು. ಗುರಿ ತಪ್ಪಿದರೆ ನಿನ್ನ ಅಂಗಡಿ ಬೋರ್ಡು ಇಳಿಸು" ಅಂದ.

ಕಮ್ಮಾರ ಕಲ್ಲಿನ ಮೇಲೆ ಕೋವಿ ಇಟ್ಟು ಹೊಡೆದ. ಹೆಂಚು ಉದುರಿತು. ಕಮ್ಮಾರನ ಅಪ್ಪನ ಕಾಲದ ಬೋರ್ಡು ಅದು. ಅದನ್ನು ಯಾರು ಇಳಿಸಬೇಕು ಅಂತ ಊರವರು ಆಗಲೇ ಮಾತಾಡಿಕೊಳ್ಳುತ್ತಿದ್ದರು.

ಅಷ್ಟರಲ್ಲಿ ರೈತನ ಹೆಂಡತಿ ಹೊರಗೆ ಬಂದಳು. "ಪಂಚಾಯ್ತಿ ಆಮೇಲೆ ಮಾಡ್ಕೊಳ್ಳಿ. ಇಷ್ಟು ಜನಕ್ಕೆ ದೋಸೆ ಆಗ್ಬೇಕು ಅಂದ್ರೆ ಹಿಟ್ಟನ್ನ ನಿಮ್ಮ ತಲೆ ಮೇಲೆ ರುಬ್ಲಾ?" ಅಂದಳು. ಕಲ್ಲನ್ನು ಒಳಗೆ ಹೊರಿಸಿಕೊಂಡು ಹೋದಳು. ದೋಸೆ ಅಂದ ಮೇಲೆ ಯಾರೂ ಅಡ್ಡ ಬರಲಿಲ್ಲ.

ಕಮ್ಮಾರನಿಗೆ ಆಸರೆಯಿಲ್ಲದಾಯಿತು. ಮೋಟುಗೋಡೆಯ ಮೇಲೆ ಕೂಸು ಒದ್ದೆ ಮಾಡಿದ ಹಾಸಿಗೆ ಒಣಗುತ್ತಿತ್ತು. ಹೇಗೂ ಮಾನ ಹೋಗಿದೆ ಅಂತ ಅದರ ಮೇಲೆ ಕೋವಿಯ ಮರದ ಭಾಗವನ್ನು ಒರಗಿಸಿ ಹೊಡೆದ. ಮಡಕೆ ಪುಡಿಯಾಯಿತು. ಇನ್ನೊಂದು ಮಡಕೆ ಕಟ್ಟಿಸಿ ಹೊಡೆದ. ಅದೂ ಪುಡಿಯಾಯಿತು. ರೈತ ಕೂಸಿನ ಕಡೆ ಭಕ್ತಿಯಿಂದ ನೋಡಿದ. ಪಕ್ಕದವನು ಬುಟ್ಟಿ ಕೆಳಗಿಟ್ಟ.

ಯಾಕೆ ಹೀಗೆ ಅಂತ ಕಮ್ಮಾರನಿಗೂ ಗೊತ್ತಿರಲಿಲ್ಲ. ಬೋರ್ಡಿನ ಚಿಂತೆ ಮರೆತು ಹೊಸಿಲ ಹತ್ತಿರ ಕೂತ. ಅಲ್ಲಿ ಕಲ್ಲುಚಪ್ಪಡಿಯ ಮೇಲೆ ಕೋವಿ ಇಟ್ಟು, ನಳಿಗೆಗೆ ಅಂಗೈ ತಾಗಿಸಿ, ಬಾಗಿಲ ಮುಂದಿನ ಮಣ್ಣುದಿಬ್ಬಕ್ಕೆ ಹೊಡೆದ. ಆಮೇಲೆ ಹಾಸಿಗೆಯ ಮೇಲಿಟ್ಟು ಹೊಡೆದ. ಚಪ್ಪಡಿಯಿಂದ ಹಾಸಿಗೆಗೆ, ಹಾಸಿಗೆಯಿಂದ ಚಪ್ಪಡಿಗೆ ಓಡಾಡಿದ. ದೋಸೆ ಆರಿಹೋಯಿತು. ಕೊನೆಗೆ ಅವನ ಮುಖ ಅರಳಿತು.

"ಮದ್ದು ಉರಿದ ತಕ್ಷಣ ಕೋವಿ ಒಂಚೂರು ಮಿಸುಕಾಡ್ತದೆ. ಸಣ್ಣ ಕೋವಿಯ ಗುಂಡು ಸಾವಕಾಶದ ಗುಂಡು, ಅದಿನ್ನೂ ನಳಿಗೆ ಒಳಗೇ ಇರ್ತದೆ. ಮೆತ್ತನೆಯದಾದ್ರೆ ಆ ಮಿಸುಕಾಟನ ನುಂಗ್ಕೊಳ್ತದೆ. ಕಲ್ಲು ನುಂಗಲ್ಲ, ವಾಪಸ್ ಒದೀತದೆ. ಅದೂ ಬರೀ ನಳಿಗೆಗೆ ಒದ್ರೆ ಇನ್ನೂ ಮೇಲೆ ಹಾರ್ತದೆ" ಅಂದ.

ಬೋರ್ಡು ಅಲ್ಲೇ ಉಳಿಯಿತು. ರೈತ ಪಕ್ಕದವನ ಕೊಟ್ಟಿಗೆಗೆ ಹೆಂಚು ಹೊದಿಸಿಕೊಟ್ಟ.

ಕತೆ ಮುಗಿಯಿತು. ತಿಮ್ಮರಾಯಪ್ಪನಿಗೆ ಕತೆಗಿಂತ ಅದರ ಒಳಗಿನ ವಿಷಯ ಹಿಡಿದಿತ್ತು. ಮರಳು ಚೀಲವಾದರೆ ಎಷ್ಟು ತುಂಬಬೇಕು, ಪ್ರತಿ ಸಲ ಕೋವಿಯ ಅದೇ ಜಾಗವೇ ಒರಗಬೇಕೇ, ಹಿಂದಿನ ತುದಿಗೂ ಒಂದು ಚೀಲ ಬೇಕೇ ಅಂತ ಸಾಲಾಗಿ ಕೇಳಿದ. ಸುಬೇದಾರ್ರು ಎಲ್ಲಕ್ಕೂ ಉತ್ತರ ಹೇಳಿದರು. ಆಮೇಲೆ ಅವನು ಕೇಳಿದ:

"ಅಷ್ಟೂ ಜನರ ಎದುರು ಆ ಕೋವಿ ಸುಳ್ಳು ಹೇಳಿದ್ದು ಯಾಕೆ ಹಾಗಾದ್ರೆ?"

"ಅದು ಸುಳ್ಳು ಹೇಳಲಿಲ್ಲ ಕಣಯ್ಯ, ತನ್ನನ್ನ ಎಂಥದ್ರ ಮೇಲೆ ಕೂರಿಸಿದಾರೆ ಅಂತ ಹೇಳ್ತು" ಅಂದರು ಸುಬೇದಾರ್ರು.

ತಿಮ್ಮರಾಯಪ್ಪ ಕೋವಿಯನ್ನು ಚೀಲಕ್ಕೆ ತುಂಬಿಕೊಂಡು ಮನೆ ದಾರಿ ಹಿಡಿದ.

ಮನೆಯಲ್ಲಿ ಪುಟ್ಟಗೌರಿ ತರಕಾರಿ ಹೆಚ್ಚುತ್ತಾ ಎಲ್ಲವನ್ನೂ ಕೇಳಿಸಿಕೊಂಡಳು. ಕಲ್ಲು, ಹಾಸಿಗೆ, ಸಾವಕಾಶದ ಗುಂಡು ಎಲ್ಲ ಮುಗಿದ ಮೇಲೆ ಅವನು, ನಾಳೆ ಗೃಹಪ್ರವೇಶಕ್ಕೆ ಎಷ್ಟು ಹೊತ್ತಿಗೆ ಹೊರಡೋಣ ಅಂದ.

ಅವಳು ತಲೆ ಎತ್ತಲಿಲ್ಲ.

"ಕೋವಿ ಎಲ್ಲಿಡ್ಬೇಕು ಅಂತ ತಿಳ್ಕೊಂಡು ಬಂದ್ರಲ್ಲ, ಸಂತೋಷ. ನಾಳೆ ನನ್ನ ತಮ್ಮನ ಎದುರು ಮುಖ ಎಲ್ಲಿಡ್ತೀರಿ, ಅದನ್ನೂ ಕೇಳ್ಕೊಂಡು ಬರಬಾರದಿತ್ತಾ?"