ಓಣಿಯಲ್ಲಿ ಯಾರಿಗೂ ಇಲ್ಲದ ಹೆಸರು

ಹಕ್ಕಿಗಳ ಭಾಷೆ ನನಗೆ ಎಷ್ಟು ಚೆನ್ನಾಗಿ ಬರುತ್ತದೆಂದರೆ, ಅನುಮಾನ ಬಂದಾಗ ಗಿಳಿಗಳೇ ನನ್ನನ್ನು ಕೇಳಿಕೊಂಡು ಹೋಗುತ್ತವೆ. ಸುಳ್ಳು ಬಿಡಿ. ಆದರೆ ಈ ಕತೆ ನಿಜ.

ಒಂದು ಹೇಂಟೆಗೆ ಇದ್ದದ್ದು ಒಂದೇ ಮರಿ. ಓಣಿಯಲ್ಲಿ ಯಾರಿಗೂ ಇಲ್ಲದ ಹೆಸರಿಡಬೇಕೆಂದು ಹೇಂಟೆ ಮೂರು ದಿನ ಕಾಳು ಮುಟ್ಟದೆ ಯೋಚಿಸಿ, ‘ಋಧ್ವಾಂಶಿಕಾ’ ಎಂಬುದನ್ನು ಹುಡುಕಿತು. ನಾಮಕರಣದ ದಿನ ಸೋದರತ್ತೆಯಾದ ಬಾತುಕೋಳಿ, ಮರಿಯ ಕಿವಿಯಲ್ಲಿ ‘ಕುರ್ರ್’ ಎಂದಿತೇ ಹೊರತು, ಮೂರು ಸಲ ತಡವರಿಸಿದರೂ ಹೆಸರು ಹೇಳಲಾಗಲಿಲ್ಲ.

“ಅಲ್ಲಮ್ಮಾ, ಮೊಟ್ಟೆ ಒಡೆದಾಗಿನಿಂದ ಪುಟ್ಟಿ ಅಂತಲೇ ಕರೀತಿದ್ದೀವಿ. ಅದೇ ಇರಲಿ!”

“ಪುಟ್ಟಿ ಮನೆಗೊಬ್ಬಳಿದ್ದಾಳೆ ಅತ್ತಿಗೆ. ನನ್ನ ಮಗಳೂ ಅವರಲ್ಲೊಬ್ಬಳೇ?”

ಅಷ್ಟರಲ್ಲಿ ಅಂಗಳದ ಮೇಲೆ ಹದ್ದಿನ ನೆರಳು ಬಿತ್ತು. ಮರಿ ಅಂಗಳದ ನಡುವೆ ಇತ್ತು.

“ಋಧ್ವಾಂಶಿಕಾ! ಓಡಿ ಬಾ!” ಎಂದು ಹೇಂಟೆ ಕೂಗಿತು.

ಯಾರೋ ದೊಡ್ಡವರು ಬಂದಿರಬೇಕೆಂದು ಮರಿ ದಾರಿ ಬಿಟ್ಟು, ಬಾಗಿಲ ಕಡೆ ನೋಡುತ್ತ ನಿಂತಿತು. ಹದ್ದು ಎರಗಿತು.

“ಏ ಪುಟ್ಟೀ!” ಎಂದು ತಾಯಿಯೇ ಚೀರಿತು.

ಮರಿ ಒಂದೇ ನೆಗೆತಕ್ಕೆ ತಾಯಿಯ ರೆಕ್ಕೆಯೊಳಗೆ ಸೇರಿತು. ಹದ್ದು ಬರಿಗೈಲಿ ಬೇಲಿಯ ಮೇಲೆ ಕೂತು, ಬಹಳ ವಿನಯದಿಂದ ಹೇಳಿತು:

“ಮೊದಲು ಕರೆದ ಹೆಸರೇ ಚೆನ್ನಾಗಿತ್ತು ತಾಯಿ. ದಿನಾ ಅದನ್ನೇ ಕರೆಯಿರಿ.”

ಇಷ್ಟೇ ಕತೆ. ನನ್ನ ಚಹಾದ ದುಡ್ಡು ನೀವೇ ಕೊಟ್ಟುಬಿಡಿ.