ಹೊಂಡದ ಕೊಕ್ಕರೆ, ದಂಡೆಯ ಕ್ಯಾಮೆರಾ

ಡ್ರಾಯಿಂಗ್ ಮೇಷ್ಟ್ರು ಫಕೀರಪ್ಪನವರು ಊರ ಹೊಂಡದ ದಂಡೆಯಲ್ಲಿ ಹೊಸ ಕ್ಯಾಮೆರಾವನ್ನು ಸ್ಟ್ಯಾಂಡಿಗೇರಿಸಿ ಬೆಳಗಿನಿಂದ ಕೂತಿದ್ದರು. ಎದುರಿಗೆ ನೀರಿನಲ್ಲಿ ಒಂದು ಕೊಕ್ಕರೆ ಅಲುಗಾಡದೆ ನಿಂತಿತ್ತು.

"ಎಲೈ ಕೊಕ್ಕರೆಯೇ, ನನ್ನ ಕಣ್ಣಿಂದ ಏನೂ ತಪ್ಪಿಸಿಕೊಳ್ಳಲಾರದು," ಎಂದಿತು ಕ್ಯಾಮೆರಾ.

"ಸಂತೋಷ. ನನ್ನ ಕಣ್ಣಿಂದ ಎಷ್ಟೋ ತಪ್ಪಿಸಿಕೊಳ್ಳುತ್ತವೆ. ಗೂಡಿನಲ್ಲಿ ಮೂರು ಮರಿಗಳು ಬಾಯಿ ತೆರೆದು ಕಾದಿವೆ, ಸ್ವಲ್ಪ ಸುಮ್ಮನಿರು," ಎಂದಿತು ಕೊಕ್ಕರೆ.

ಅಷ್ಟರಲ್ಲಿ ನೀರು ಮಿಸುಕಿತು. ಕೊಕ್ಕರೆ ಸರಕ್ಕನೆ ಕೊಕ್ಕು ಹಾಕಿತು, ಮೀನು ನುಣುಚಿಕೊಂಡಿತು. ಕ್ಯಾಮೆರಾ ಪಟಪಟನೆ ನಲವತ್ತು ಫೋಟೊ ಹೊಡೆಯಿತು.

"ಸಿಕ್ಕಿತು! ನೀನು ಸೋತದ್ದು ಇಲ್ಲಿದೆ, ಬಾ ನೋಡು!" ಎಂದು ಅದು ತನ್ನ ಬೆನ್ನಿನ ಪರದೆ ಬೆಳಗಿಸಿತು. ಮೇಷ್ಟ್ರು ಕನ್ನಡಕವನ್ನು ಹಣೆಗೇರಿಸಿ, ಪರದೆಗೆ ಮೂಗು ತಾಗಿಸಿ, ಒಂದೊಂದೇ ಫೋಟೊ ಸರಿಸತೊಡಗಿದರು. "ಆಹಾ, ಆ ಹನಿ ನೋಡು, ಆ ರೆಕ್ಕೆ ನೋಡು!" ಎಂದು ಹಿಗ್ಗಿದರು.

"ನೀನೂ ಒಮ್ಮೆ ನೋಡಬಾರದೇ?" ಎಂದು ಕ್ಯಾಮೆರಾ ಮತ್ತೆ ಕರೆಯಿತು.

"ತಪ್ಪಿಹೋದ ಮೀನನ್ನು ನೋಡಿ ನಾನೇನು ಮಾಡಲಿ?" ಎಂದ ಕೊಕ್ಕರೆ ನೀರಿನಿಂದ ಕಣ್ಣು ಕೀಳಲಿಲ್ಲ.

ಮತ್ತೆ ನೀರು ಸಿಡಿಯಿತು. ಮೇಷ್ಟ್ರು ತಲೆಯೆತ್ತುವಷ್ಟರಲ್ಲಿ ಗೇಣುದ್ದದ ಮೀನಿನ ಬಾಲ ಕೊಕ್ಕಿನೊಳಗೆ ಜಾರಿಹೋಗುತ್ತಿತ್ತು. ತಮ್ಮ ಪೆದ್ದುತನಕ್ಕೆ ಅವರೇ ಹೊಟ್ಟೆ ಹಿಡಿದು ನಕ್ಕರು.

"ಅಯ್ಯೋ, ದಮ್ಮಯ್ಯ, ಇನ್ನೊಂದು ಸಲ ಹಿಡಿ!" ಎಂದು ಕ್ಯಾಮೆರಾ ಅಂಗಲಾಚಿತು.

ಕೊಕ್ಕರೆ ಉಬ್ಬಿದ ಕೊರಳನ್ನು ಠೀವಿಯಿಂದ ಅದರ ಕಡೆ ತಿರುಗಿಸಿ ನಿಂತಿತು.

"ಮೀನು ಇಲ್ಲಿದೆ. ಬೇಕಾದರೆ ಗಂಟಲಿನ ಫೋಟೊ ಹೊಡೆದುಕೋ. ಬೇಗ, ಮರಿಗಳು ಕಾದಿವೆ!"